ಕಾನೂನು ಸಂಶೋಧನೆಗೆ ಅಳಿಯಕಟ್ಟಿನ ಒರೆಗಲ್ಲು

ಉಡುಪಿಯ ಕಾನೂನು ಕಾಲೇಜು ಶುರುವಾದದ್ದು 1957ರಲ್ಲಿ. ಮಣಿಪಾಲದ ಡಾ. ಟಿ.ಎಂ.ಎ. ಪೈಯವರು ಕಟ್ಟಿದ ಸಂಸ್ಥೆಗಳಲ್ಲಿ ಇದೂ ಒಂದು. ಇಂದು ಅದು ವೈಕುಂಠ ಬಾಳಿಗರ ಹೆಸರಿನಲ್ಲಿದೆ. ಕಾಪು, ಕಾರ್ಕಳದ ಮಕ್ಕಳಿಗೆ ಮನೆಯ ಹತ್ತಿರವೇ ವಕೀಲಿಕೆ ಕಲಿಯುವ ದಾರಿ ತೆರೆಯಿತು. ಆದರೆ ವಕೀಲಿಕೆ ಬೇರೆ, ಕಾನೂನು ಸಂಶೋಧನೆ ಬೇರೆ. ಎಲ್‌ಎಲ್‌ಎಂ ಸೇರುವವರು ಈಗ ವಿಶ್ವವಿದ್ಯಾಲಯವನ್ನು ಶುಲ್ಕ, ರ‍್ಯಾಂಕಿಂಗ್, ನೌಕರಿಯಿಂದ ಅಳೆಯುತ್ತಾರೆ. ಅದಕ್ಕಿಂತ ಗಟ್ಟಿಯಾದ ಅಳತೆಗೋಲು ನಮ್ಮ ಊರಿನ ಚರಿತ್ರೆಯಲ್ಲೇ ಇದೆ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಈ ಅಳಿಯಕಟ್ಟನ್ನು ಭೂತಾಳ ಪಾಂಡ್ಯ ಹಾಕಿಕೊಟ್ಟನೆಂಬುದು ಐತಿಹ್ಯ. ಅವನ ಹೆಸರಿನಲ್ಲಿ ಒಂದು ಕಟ್ಟಳೆ ಗ್ರಂಥವೂ ಇತ್ತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಅದು ಪುರಾತನವಲ್ಲ, ಈಚೆಗೆ ಹುಟ್ಟಿಸಿದ್ದು ಎಂದರು. ಪಾಡ್ದನಗಳನ್ನೂ ಸಂಗ್ರಹಿಸಿದ ವಿದ್ವಾಂಸ ಅವರು. ರೂಢಿ ನಿಜ, ಆದರೆ ಅದಕ್ಕೆ ಆಧಾರವೆಂದು ತೋರಿಸಿದ ಗ್ರಂಥ ನಂಬತಕ್ಕದ್ದಲ್ಲ: ಇವೆರಡನ್ನೂ ಬಿಡಿಸಿ ನೋಡುವುದೇ ಸಂಶೋಧನೆ.

ಇದು ಪಂಡಿತರ ಜಗಳವಷ್ಟೇ ಆಗಿರಲಿಲ್ಲ. ಕುಟುಂಬದ ಎಲ್ಲರೂ ಒಪ್ಪದೆ ಪಾಲಾಗುವಂತಿಲ್ಲ ಎಂದು ಮದ್ರಾಸಿನ ಕೋರ್ಟು ಹೇಳುತ್ತಿದ್ದ ಕಾಲದಲ್ಲಿ, ಯಜಮಾನನ ಮಾತಿಗೆ ಎದುರಾಡಲು ತಂಗಿಯ ಮಕ್ಕಳಿಗೆ ದಾರಿ ಕಡಿಮೆ ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮತ್ತೆ ಲೆಕ್ಕ ಬದಲಿಸಿತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯಲ್ಲಿ ಚಾಲಗೇಣಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾದರು. ಕಾಯಿದೆಯ ಪುಸ್ತಕ ಒಂದನ್ನೇ ಓದಿದವರಿಗೆ ಈ ಮೂರೂ ತಿರುವುಗಳು ಒಂದೇ ಮನೆಯ ಕಾಗದದ ಕಟ್ಟಿನಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದು ಕಾಣುವುದಿಲ್ಲ.

ಯುಜಿಸಿ 2013ರಿಂದ ಒಂದು ವರ್ಷದ ಎಲ್‌ಎಲ್‌ಎಂಗೂ ಅವಕಾಶ ಕೊಟ್ಟಿದೆ. ಅಷ್ಟು ಕಡಿಮೆ ಅವಧಿಯಲ್ಲಿ ಪ್ರಬಂಧಕ್ಕೆ ಎಷ್ಟು ತಿಂಗಳು ಸಿಗುತ್ತದೆ ಎಂದು ಮೊದಲು ಕೇಳಬೇಕು. ಮಾರ್ಗದರ್ಶಕರು ತೀರ್ಪುಗಳ ಜತೆಗೆ ಹಳೆಯ ಗೇಣಿಚೀಟಿಯನ್ನೂ ಓದಬಲ್ಲರೇ? ಪಿ. ಗುರುರಾಜ ಭಟ್ಟರ ತುಳುವ ಇತಿಹಾಸದಂಥ ಪುಸ್ತಕ ಕಾನೂನಿನ ಲೈಬ್ರರಿಯಲ್ಲಿದೆಯೇ? ಕನ್ನಡದ ದಾಖಲೆಯನ್ನು ಆಧಾರವೆಂದು ಒಪ್ಪುತ್ತಾರೆಯೇ? ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಹೊರಗಿನವರಿಗೆ ಓದಲು ಕೊಡುತ್ತಾರೆಯೇ?

ಕಟ್ಟಡ, ಕ್ಯಾಂಪಸ್ ಎಲ್ಲ ಆಮೇಲೆ ನೋಡಿದರಾಯಿತು. ತಾತನ ಕಾಲದ ಪಾಲುಪಟ್ಟಿ ಹಿಡಿದು ಕಾರ್ಕಳದ ಕೋರ್ಟಿಗೆ ಅಲೆಯುವ ಹೆಂಗಸಿಗೆ ಉಪಯೋಗಕ್ಕೆ ಬರುವ ಒಂದು ಪುಟವಾದರೂ ಆ ಪ್ರಬಂಧಗಳಲ್ಲಿ ಇದ್ದರೆ, ಆ ಕೋರ್ಸು ಸೇರಲು ಯೋಗ್ಯ ಎನ್ನುತ್ತೇವೆ.