ರಾಟೆಯ ಕೂಗು: ಹತ್ತಿಯ ಜಿನ್ನಿನಿಂದ ಕಾರಿನ ಇಂಜಿನ್ನಿನವರೆಗೆ



ಚಳಿಗಾಲದ ಮುಂಜಾನೆ ರೋಣದಲ್ಲೋ ಗಜೇಂದ್ರಗಡದಲ್ಲೋ ಹಳೆಯ ಅಂಬಾಸಡರ್ ಕಾರೊಂದನ್ನು ಚಾಲೂ ಮಾಡುವುದನ್ನು ನೀವು ನೋಡಿರಬಹುದು. ಇಂಜಿನ್ ಹೊತ್ತಿಕೊಂಡ ಕೂಡಲೇ ಮುಂಭಾಗದಿಂದ ‘ಕೀಂ’ ಎಂಬ ಚೀರುದನಿ ಏಳುತ್ತದೆ. ಚಾಲಕರು ಬಾನೆಟ್ ಎತ್ತಿ, ತಿರುಗುವ ಬೆಲ್ಟಿಗೆ ನಾಲ್ಕು ಹನಿ ಎಣ್ಣೆ ಬಿಡುತ್ತಾರೆ, ಇಲ್ಲವೇ ಸಾಬೂನಿನ ತುಂಡು ಒತ್ತುತ್ತಾರೆ. ಸದ್ದು ಅಡಗುತ್ತದೆ. ಕೆಲವು ದಿನಗಳಲ್ಲಿ ಮೊದಲಿಗಿಂತ ಜೋರಾಗಿ ಮರಳುತ್ತದೆ. ರಬ್ಬರಿನ ಬೆಲ್ಟಿಗೆ ಎಣ್ಣೆ ವಿಷವಿದ್ದಂತೆ. ಹಾಗಿದ್ದರೂ ಕೈ ಎಣ್ಣೆಯ ಡಬ್ಬಿಗೇ ಹೋಗುವುದೇಕೆ? ಇದಕ್ಕೆ ಉತ್ತರವನ್ನು ಈ ಸೀಮೆಯ ಇತಿಹಾಸದಲ್ಲಿ ಹುಡುಕಬೇಕು.

ನರಗುಂದವೆಂದರೆ ನಮಗೆ 1858ರ ಬಾಬಾಸಾಹೇಬನ ಬಂಡಾಯ ಮತ್ತು 1980ರ ರೈತ ಹೋರಾಟ. ಗಜೇಂದ್ರಗಡವೆಂದರೆ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವಣ 1787ರ ಒಪ್ಪಂದ. ಇವನ್ನು ಓದಲೇಬೇಕು. ಆದರೆ ಇದೇ ಎರೆಭೂಮಿಯಲ್ಲಿ ತಲೆಮಾರುಗಟ್ಟಲೆ ತಿರುಗಿದ ಚಕ್ರಗಳ ಚರಿತ್ರೆಯೂ ಇದೆ. ಅದು ಪಠ್ಯಪುಸ್ತಕದಲ್ಲಿ ಬರುವುದಿಲ್ಲ.

ನಮ್ಮ ಭಾಷೆಯಲ್ಲಿ ಬಾವಿಯ ಮೇಲಿನ ಗಾಲಿಯೂ ‘ರಾಟೆ’, ನೂಲುವ ಚರಕವೂ ‘ರಾಟೆ’. ಈ ಹೆಸರಿನ ಹೊಂದಿಕೆಯನ್ನು ಮನಸ್ಸಿನಲ್ಲಿಡಿ. ಚರಕದ ದೊಡ್ಡ ಚಕ್ರದಿಂದ ಸಣ್ಣ ಕದಿರಿಗೆ ಸುತ್ತಿ ಬರುವ ದಾರವೇ ನಮ್ಮ ನಾಡು ಕಂಡ ಹಳೆಯ ‘ಬೆಲ್ಟು’ಗಳಲ್ಲೊಂದು. ಭಾರತದಲ್ಲಿ ಚರಕದ ಮೊದಲ ಸ್ಪಷ್ಟ ಉಲ್ಲೇಖ 1350ರಲ್ಲಿ ಇಸಾಮಿ ಬರೆದ ಪಾರಸಿ ಕಾವ್ಯದಲ್ಲಿದೆ ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ತೋರಿಸಿಕೊಟ್ಟಿದ್ದಾರೆ. ಆ ಕಾವ್ಯ ಹುಟ್ಟಿದ್ದು ಬಹಮನಿ ಅರಸನ ಆಶ್ರಯದಲ್ಲಿ. ಆ ರಾಜ್ಯದ ರಾಜಧಾನಿ ನಮ್ಮ ಕಲಬುರಗಿ. ದಾರ ಸಡಿಲವಾದರೆ ಕದಿರು ನಿಲ್ಲುತ್ತದೆ, ಬಿಗಿಯಾದರೆ ಚಕ್ರ ಭಾರವಾಗುತ್ತದೆ, ಜಾರಿದರೆ ನೂಲುವವರು ಅದಕ್ಕೆ ರಾಳ ತಿಕ್ಕುತ್ತಾರೆ. ಬೆಲ್ಟಿನ ಶಾಸ್ತ್ರದ ಅರ್ಧಪಾಲು ಇಷ್ಟರಲ್ಲೇ ಮುಗಿಯಿತು.

ರೋಣ, ನರಗುಂದಗಳು 1997ರಲ್ಲಿ ಗದಗ ಜಿಲ್ಲೆಯಾಗುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. 1840ರ ದಶಕದಲ್ಲಿ ಆ ಜಿಲ್ಲೆಯಲ್ಲಿ ಅಮೆರಿಕದ ಹತ್ತಿ ಬೇರೂರಿತು. ಮುಂದೆ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಆದರೆ ಕಾಳಿನಿಂದ ಅರಳೆ ಬಿಡಿಸುವ ಕೆಲಸ ನಿಧಾನ. ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಹೆಂಗಸರು ಅದನ್ನು ಮಾಡುತ್ತಿದ್ದರು. 1880ರ ದಶಕದಲ್ಲಿ ರೈಲು ಗದಗಕ್ಕೆ ಬಂತು. ಹೋಟಗಿಯತ್ತ ಹೋಗುವ ಮಾರ್ಗದಲ್ಲಿ ರೋಣ ತಾಲೂಕಿನ ಹೊಳೆಆಲೂರೂ ನಿಲ್ದಾಣವಾಯಿತು. ಹುಬ್ಬಳ್ಳಿ, ಗದಗಗಳ ಸುತ್ತ ಯಂತ್ರದ ಜಿನ್ನುಗಳು ಬೆಳೆದವು.

ಹಳೆಯ ಜಿನ್ನಿನ ಒಳಗೆ ನಿಂತಂತೆ ಊಹಿಸಿಕೊಳ್ಳಿ. ಒಂದು ಮೂಲೆಯಲ್ಲಿ ಉಗಿಯ ಇಂಜಿನ್ನು, ಮುಂದಿನ ಕಾಲದಲ್ಲಾದರೆ ಎಣ್ಣೆಯ ಇಂಜಿನ್ನು. ಅದು ಕಟ್ಟಡದ ಉದ್ದಕ್ಕೂ ಹಾಯ್ದ ಒಂದೇ ಕಬ್ಬಿಣದ ದಂಡವನ್ನು ತಿರುಗಿಸುತ್ತದೆ. ದಂಡದ ತುಂಬ ರಾಟೆಗಳು. ಪ್ರತಿ ರಾಟೆಯಿಂದ ಒಂದೊಂದು ಜಿನ್ನಿಗೆ ತೊಗಲಿನ ಪಟ್ಟಾ. ಪಟ್ಟಾವನ್ನು ನೇರ ಹಾಕಿದರೆ ಎರಡೂ ರಾಟೆ ಒಂದೇ ಕಡೆಗೆ, ಎಂಟರ ಆಕಾರದಲ್ಲಿ ತಿರುವಿ ಹಾಕಿದರೆ ಎದುರುಬದುರಾಗಿ ತಿರುಗುತ್ತವೆ. ಚಪ್ಪಟೆ ಪಟ್ಟಾ ಕೆಳಗೆ ಜಾರಿ ಬೀಳದಿರಲು ರಾಟೆಯ ನಡುಭಾಗವನ್ನು ತುಸು ಉಬ್ಬಿಸಿರುತ್ತಾರೆ. ಪಟ್ಟಾ ತಾನಾಗಿಯೇ ಆ ಉಬ್ಬಿನತ್ತ ಸರಿದು ಅಲ್ಲಿ ನಿಲ್ಲುತ್ತದೆ.

ತೊಗಲು ಒಣಗಿದರೆ ಸೀಳುತ್ತದೆ. ಅದಕ್ಕೆ ಆಗಾಗ ಔಡಲೆಣ್ಣೆ ಹಚ್ಚಬೇಕು; ಜಾರಿದರೆ ರಾಳ ಹಾಕಬೇಕು. ಎಣ್ಣೆ ಕುಡಿದ ತೊಗಲು ಮೆತ್ತಗಾಗಿ ರಾಟೆಯನ್ನು ಇನ್ನಷ್ಟು ಚೆನ್ನಾಗಿ ತಬ್ಬುತ್ತದೆ. ಕಾರಿನ ಬೆಲ್ಟಿಗೆ ಎಣ್ಣೆ ಬಿಡುವ ಅಭ್ಯಾಸದ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ತೊಗಲು ಹೋಗಿ ರಬ್ಬರು ಬಂತು, ಕೈರೂಢಿ ಮಾತ್ರ ಉಳಿಯಿತು.

ಜಿನ್ನುಗಳಲ್ಲಿ ಹೆಂಗಸರೇ ಹೆಚ್ಚಾಗಿ ದುಡಿಯುತ್ತಿದ್ದರು. ತಿರುಗುವ ಪಟ್ಟಾದ ಹತ್ತಿರ ಸೀರೆಯ ಸೆರಗು, ಬಿಚ್ಚಿದ ಕೂದಲು ಎಂದರೆ ಅನಾಹುತ. 1948ರ ಕಾರ್ಖಾನೆ ಕಾಯ್ದೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ಪಟ್ಟಾ, ರಾಟೆಗಳಿಗೆ ಬೇಲಿ ಕಡ್ಡಾಯವಾಯಿತು. ಚಲಿಸುತ್ತಿರುವಾಗ ಅವನ್ನು ಮುಟ್ಟಲೇಬೇಕಾದರೆ ತರಬೇತಾದ, ಬಿಗಿ ಉಡುಪಿನ ವಯಸ್ಕ ಗಂಡಾಳು ಮಾತ್ರ ಮುಟ್ಟಬಹುದಿತ್ತು. ಇಂಥ ನಿಯಮಗಳು ಸುಮ್ಮನೆ ಹುಟ್ಟುವುದಿಲ್ಲ. ಪ್ರತಿಯೊಂದರ ಹಿಂದೆಯೂ ಯಾರದೋ ಕೈಯೋ ಜೀವವೋ ಹೋಗಿರುತ್ತದೆ.

ಜಿನ್ನಿನಿಂದ ಹಿಟ್ಟಿನ ಗಿರಣಿಗೆ ಒಂದೇ ಹೆಜ್ಜೆ. ನರಗುಂದಕ್ಕೆ ದೂರವಲ್ಲದ, ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನ ಕಾರ್ಖಾನೆ ಕಟ್ಟಿದರು. ಅವರ ಮನೆತನದ ಸಂಸ್ಥೆ 1946ರಿಂದೀಚೆಗೆ ಎಣ್ಣೆಯ ಇಂಜಿನ್ನುಗಳನ್ನು ತಯಾರಿಸಿತು. ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಜೋಳ ಬೀಸಿದ್ದು ಇಂಥ ಇಂಜಿನ್ನು ಮತ್ತು ಪಟ್ಟಾ. ಪಟ್ಟಾದ ಬೆಸುಗೆ ರಾಟೆಗೆ ಬಡಿಯುವ ‘ಟಪ್ ಟಪ್’ ಕೇಳಿಯೇ ಗಿರಣಿಯವರು ಅದರ ಆರೋಗ್ಯ ಹೇಳುತ್ತಿದ್ದರು.

ಇನ್ನು ಕಾರಿಗೆ ಬರೋಣ. ಮೊದಲ ಕಾರುಗಳಲ್ಲಿ ಫ್ಯಾನ್ ತಿರುಗಿಸಲು ಇದ್ದದ್ದೂ ಚಪ್ಪಟೆ ಪಟ್ಟಾವೇ. 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರು ಮತ್ತು ನೂಲಿನಿಂದ ‘ವಿ’ ಆಕಾರದ ಬೆಲ್ಟು ರೂಪಿಸಿದರು. ಇದು ರಾಟೆಯ ಗಾಡಿಯಲ್ಲಿ ಬೆಣೆಯಂತೆ ಕೂರುತ್ತದೆ, ಎರಡು ಪಕ್ಕೆಗಳಿಂದ ಹಿಡಿಯುತ್ತದೆ. ಪಕ್ಕೆಗೆ ಎಣ್ಣೆ ತಾಗಿದರೆ ಹಿಡಿತ ಸಡಿಲುತ್ತದೆ, ರಬ್ಬರು ಉಬ್ಬಿ ಹಾಳಾಗುತ್ತದೆ. ಅಂಬಾಸಡರಿನಲ್ಲಿ ಒಂದೇ ಬೆಲ್ಟು ನೀರಿನ ಪಂಪು, ಫ್ಯಾನು, ಡೈನಮೊ ಮೂರನ್ನೂ ತಿರುಗಿಸುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಫ್ಯಾನಿಗೆ ಬೇರೆ ವಿದ್ಯುತ್ ಮೋಟಾರು ಇದ್ದುದರಿಂದ ಬೆಲ್ಟಿನ ಹೊರೆ ಇಳಿಯಿತು. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಹಲವು ಸಣ್ಣ ಏಣುಗಳುಳ್ಳ ಅಗಲ ಬೆಲ್ಟು ಇದೆ. ಅದನ್ನು ಬಿಗಿಹಿಡಿಯಲು ಸ್ಪ್ರಿಂಗಿನ ಒಂದು ರಾಟೆ ಬೇರೆ.

ಸದ್ದಿನ ಮೂಲವನ್ನು ಮನೆಯಲ್ಲೇ ಹುಡುಕಬಹುದು. ಕಿವಿ ಚುರುಕಾಗಿದ್ದರೆ ಸಾಕು. ಚಾಲೂ ಮಾಡಿದಾಗ ಅಥವಾ ದೀಪ ಹಾಕಿದಾಗ ಉದ್ದನೆಯ ಚೀರುದನಿ ಬಂದರೆ ಬೆಲ್ಟು ಜಾರುತ್ತಿದೆ. ಹಕ್ಕಿಯ ಚಿಲಿಪಿಲಿಯಂತೆ ಲಯಬದ್ಧವಾಗಿ ಕೇಳಿದರೆ ರಾಟೆಗಳು ಒಂದೇ ಸಾಲಿನಲ್ಲಿಲ್ಲ. ವೇಗದೊಂದಿಗೆ ಏರುವ ಗೊರಗೊರ ಸದ್ದಾದರೆ ಬೇರಿಂಗು ಸವೆದಿದೆ. ಸಂಶಯವಿದ್ದರೆ, ದೂರ ನಿಂತು ಏಣುಬೆಲ್ಟಿನ ಒಳಮೈಗೆ ತುಸು ನೀರು ಚಿಮುಕಿಸಿ. ಸದ್ದು ಕ್ಷಣ ಅಡಗಿ ಮರಳಿದರೆ ಸಾಲಿನ ದೋಷ, ಹೆಚ್ಚಿದರೆ ಬಿಗಿಯ ದೋಷ.

ಮುಂದಿನ ಕೆಲಸವೆಲ್ಲ ಇಂಜಿನ್ ನಿಲ್ಲಿಸಿ, ಕೀಲಿ ಕೈಯಲ್ಲಿಟ್ಟುಕೊಂಡು, ಇಂಜಿನ್ ತಣಿದ ಮೇಲೆ. ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಬೆಲ್ಟು ಬಿಚ್ಚಿ ಒಂದೊಂದು ರಾಟೆಯನ್ನೂ ಕೈಯಿಂದ ತಿರುಗಿಸಿ, ಅತ್ತಿತ್ತ ಅಲುಗಿಸಿ. ಒರಟಾಗಿ ಸುತ್ತಿದರೆ, ಅಲುಗಾಡಿದರೆ ಅದರ ಬೇರಿಂಗು ಬದಲಾಗಬೇಕು. ನೇರವಾದ ಪಟ್ಟಿಯನ್ನು ರಾಟೆಗಳ ಮುಖಕ್ಕೆ ಹಿಡಿದರೆ ಸಾಲು ತಪ್ಪಿದ್ದು ಕಾಣುತ್ತದೆ. ‘ವಿ’ ರಾಟೆಯ ಗಾಡಿಯ ತಳ ಹೊಳೆಯುತ್ತಿದ್ದರೆ ಬೆಲ್ಟು ಸವೆದು ತಳ ಮುಟ್ಟಿದೆ ಎಂದರ್ಥ. ಅಂಥದ್ದನ್ನು ಎಷ್ಟು ಬಿಗಿದರೂ ಅದು ಕೂಗುತ್ತದೆ. ಎರೆಮಣ್ಣಿನ ಧೂಳು ಗಾಡಿಯಲ್ಲಿ ಕುಳಿತಿದ್ದರೆ ಒಣ ಬ್ರಶ್ಶಿನಿಂದ ತೆಗೆಯಿರಿ. ಎಣ್ಣೆ ಸೋರುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸ ಬೆಲ್ಟು.

ಹಳೆಯ ‘ವಿ’ ಬೆಲ್ಟುಗಳಲ್ಲಿ ಬಿಗಿ ಕೂಡಿಸಲು ಡೈನಮೊದ ಬೋಲ್ಟು ಸಡಿಲಿಸಿ, ಅದನ್ನು ಹೊರಕ್ಕೆ ಎಳೆದು ಮತ್ತೆ ಬಿಗಿಯುತ್ತಾರೆ. ಅತಿ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು; ಸರಿಯಾದ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸದ್ದು ಅಡಗಲೆಂದು ತಂತಿಯಂತೆ ಬಿಗಿದರೆ ನೀರಿನ ಪಂಪಿನ ಬೇರಿಂಗು ಬೇಗ ಹೋಗುತ್ತದೆ, ಚಿಲಿಪಿಲಿಯ ಬದಲು ಗೊರಗೊರ ಶುರುವಾಗುತ್ತದೆ.