ಪ್ಯಾಕೇಜು ವ್ಯವಸ್ಥೆ, ಯೂನಿಕ್ಸ್‌ನಲ್ಲಿ

ಯೂನಿಕ್ಸ್ ಕುಲದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಗಳನ್ನು, ಅವು ಅವಲಂಬಿಸಿರುವ ಲೈಬ್ರರಿಗಳ ಸಮೇತ, ಸ್ಥಾಪಿಸಲೂ ನವೀಕರಿಸಲೂ ತೆಗೆದುಹಾಕಲೂ ಅನುಕೂಲವಾಗುವಂತೆ ಅಣಿಮಾಡಿಡುವ ಪದ್ಧತಿ.

1990ರ ದಶಕದ ಆದಿಭಾಗದಲ್ಲಿ ಸರ್ವರ್ ತಂತ್ರಾಂಶವೊಂದನ್ನು ಬಯಸಿದವನು ಅದರ ಸೋರ್ಸ್ ಕೋಡನ್ನು ಎಫ್‌ಟಿಪಿಯ ಮೂಲಕ ತರಿಸಿ, ತನ್ನ ಯಂತ್ರಕ್ಕೆ ಹೊಂದುವಂತೆ ಮೇಕ್‌ಫೈಲನ್ನು ಕೈಯಾರೆ ತಿದ್ದಿ, ಕಂಪೈಲ್ ಮಾಡಿ ಸ್ಥಾಪಿಸುತ್ತಿದ್ದನು. ಯಾವ ಕಡತ ಯಾವ ತಂತ್ರಾಂಶದ್ದೆಂಬುದಕ್ಕೆ ಅವನ ಜ್ಞಾಪಕಶಕ್ತಿಯ ಹೊರತು ಅನ್ಯ ದಾಖಲೆಯಿಲ್ಲದ್ದರಿಂದ, ಹಾಕಿದ್ದನ್ನು ತೆಗೆಯುವುದೇ ಹಾಕುವುದಕ್ಕಿಂತ ದುಸ್ಸಾಧ್ಯವಾಗಿತ್ತು. 1991ರಲ್ಲಿ ಡೇವಿಡ್ ಮೆಕೆಂಜಿ ಆರಂಭಿಸಿದ ಆಟೊಕಾನ್ಫ್ ತಿದ್ದುವ ಶ್ರಮವನ್ನು ತಗ್ಗಿಸಿತೇ ವಿನಾ ಅವಲಂಬನೆಗಳ ತೊಡಕನ್ನು ಬಿಡಿಸಲಿಲ್ಲ.

ಆ ತೊಡಕಿಗೆ ಕೈಹಚ್ಚಿದ ಪ್ರಯತ್ನಗಳಲ್ಲಿ ಗಣ್ಯವಾದುದು 1994ರ ಆಗಸ್ಟಿನಲ್ಲಿ ಜೋರ್ಡನ್ ಹಬಾರ್ಡ್ ಫ್ರೀಬಿಎಸ್‌ಡಿಗಾಗಿ ಆರಂಭಿಸಿದ ಪೋರ್ಟ್ಸ್ ಸಂಗ್ರಹ. ಅದು ಸಂಗ್ರಹಿಸಿದ್ದು ತಂತ್ರಾಂಶವನ್ನಲ್ಲ, ತಂತ್ರಾಂಶವನ್ನು ಕಟ್ಟುವ ಕ್ರಮವನ್ನು: ಸೋರ್ಸ್ ದೊರೆಯುವ ಸ್ಥಳ, ಅದರ ಚೆಕ್‌ಸಮ್, ಹಚ್ಚಬೇಕಾದ ಪ್ಯಾಚುಗಳು, ಮೊದಲು ಕಟ್ಟಬೇಕಾದ ಇತರ ಪೋರ್ಟುಗಳ ಹೆಸರು, ಸ್ಥಾಪಿತವಾಗುವ ಕಡತಗಳ ಪಟ್ಟಿ. ಅಪಾಚೆ 2.4ನ್ನು ಕಟ್ಟಹೊರಟವನು ಒಂದೇ ಆಜ್ಞೆಯನ್ನಿತ್ತರೆ, ಅದಕ್ಕೆ ಬೇಕಾದ ಎಪಿಆರ್, ಪಿಸಿಆರ್‌ಇ ಮೊದಲಾದವು ತಾವಾಗಿಯೇ ಮುಂಚಿತವಾಗಿ ಸಿದ್ಧವಾಗುವುವು. ನೆಟ್‌ಬಿಎಸ್‌ಡಿಯವರು 1997ರಲ್ಲಿ ಇದರಿಂದಲೇ ಪಿಕೆಜಿಸೋರ್ಸನ್ನು ರೂಪಿಸಿದರು. ಅದು ಕ್ರಮೇಣ ಸೊಲಾರಿಸ್, ಲಿನಕ್ಸ್‌ಗಳಿಗೂ ಹಬ್ಬಿತು.

ಲಿನಕ್ಸ್ ಪಂಗಡ ಕಟ್ಟಿ ಮುಗಿದ ಪ್ಯಾಕೇಜುಗಳನ್ನೇ ಹಂಚುವ ಮಾರ್ಗ ಹಿಡಿಯಿತು. 1993ರಲ್ಲಿ ಇಯಾನ್ ಮರ್ಡಾಕ್ ಸ್ಥಾಪಿಸಿದ ಡೆಬಿಯನ್ನಿನ ಡಿಪಿಕೆಜಿಯೂ, 1995ರಲ್ಲಿ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ ರೆಡ್ ಹ್ಯಾಟ್‌ಗಾಗಿ ರಚಿಸಿದ ಆರ್‌ಪಿಎಮ್ಮೂ ಇಲ್ಲದ ಲೈಬ್ರರಿಯನ್ನು ಹೆಸರಿಸಿ ಸುಮ್ಮನಾಗುತ್ತಿದ್ದವಲ್ಲದೆ, ಅದನ್ನು ತಂದುಕೊಡುತ್ತಿರಲಿಲ್ಲ. 1999ರ ಡೆಬಿಯನ್ 2.1ರೊಡನೆ ಬಂದ ಆಪ್ಟ್ ಈ ಕೊರತೆಯನ್ನು ನೀಗಿತು.

ಪ್ಯಾಕೇಜುಕಾರನ ಅಧಿಕಾರ ಎಷ್ಟು ದೊಡ್ಡದೆಂಬುದಕ್ಕೆ 2008ರ ಪ್ರಸಂಗವೊಂದು ನಿದರ್ಶನ. ಡೆಬಿಯನ್ನಿನವರು 2006ರಲ್ಲಿ, ಪರೀಕ್ಷಾ ಸಾಧನವೊಂದು ಎತ್ತಿದ ಆಕ್ಷೇಪಣೆಯನ್ನು ನಿವಾರಿಸಲೆಂದು, ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅಲ್ಪವೆಂದು ತೋರಿದ ಸಂಕೇತಭಾಗವನ್ನು ತೆಗೆದುಹಾಕಲಾಗಿ, ಯಾದೃಚ್ಛಿಕ ಸಂಖ್ಯೆಗಳಿಗೆ ಪ್ರಕ್ರಿಯೆಯ ಕ್ರಮಾಂಕವೊಂದೇ ಆಧಾರವಾಗಿ ಉಳಿದು, ಒಂದೊಂದು ಬಗೆಯ ಕೀಲಿಗಳು ಕೇವಲ 32,768ಕ್ಕೆ ಸೀಮಿತಗೊಂಡವು. ಲುಸಿಯಾನೊ ಬೆಲ್ಲೊ ಗುರುತಿಸುವ ತನಕ ಸುಮಾರು ಇಪ್ಪತ್ತು ತಿಂಗಳು ಈ ದೋಷ ಅಜ್ಞಾತವಾಗಿತ್ತು. ಅಷ್ಟರಿಂದಲೇ ಪದ್ಧತಿಯನ್ನು ಹಳಿಯುವುದು ನ್ಯಾಯವಲ್ಲ: 2014ರಲ್ಲಿ ಅದೇ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಒಂದೇ ಪ್ಯಾಕೇಜನ್ನು ನವೀಕರಿಸಿ ಸರ್ವರುಗಳನ್ನು ಮರುಚಾಲನೆ ಮಾಡಿದ ಮಾತ್ರಕ್ಕೆ ಅದನ್ನು ಹಂಚಿಕೊಂಡಿದ್ದ ತಂತ್ರಾಂಶಗಳೆಲ್ಲ ಸರಿಹೋದವು, ಕೀಲಿಗಳನ್ನು ಬದಲಿಸುವ ಕೆಲಸ ಮಾತ್ರ ಬೇರೆಯಾಗಿ ಉಳಿಯಿತು.

2013ರಲ್ಲಿ ಬಂದ ಡಾಕರ್, ಲೈಬ್ರರಿಗಳನ್ನು ತಂತ್ರಾಂಶದೊಡನೆಯೇ ಕಂಟೇನರಿನಲ್ಲಿ ಕಟ್ಟಿಡುವುದನ್ನು ರೂಢಿಗೆ ತಂದು, ಈ ಸೌಲಭ್ಯವನ್ನು ಬಹುಮಟ್ಟಿಗೆ ಕಳೆಯಿತು. ಒಂದು ಲೈಬ್ರರಿ ಕೆಟ್ಟರೆ ಅದನ್ನೊಳಗೊಂಡ ಕಂಟೇನರ್ ಇಮೇಜುಗಳನ್ನೆಲ್ಲ ಮತ್ತೆ ಕಟ್ಟಬೇಕು. ಆದರೂ ಆ ಇಮೇಜುಗಳಲ್ಲಿ ಅನೇಕವು ಡೆಬಿಯನ್ ಇಲ್ಲವೆ ಆಲ್ಪೈನ್ ಲಿನಕ್ಸಿನ ಪ್ಯಾಕೇಜುಗಳಿಂದಲೇ ಕಟ್ಟಲ್ಪಡುತ್ತವೆ.