ಬಟ್ಟೆ ಗಿರಣಿಯಿಂದ ಮನೆ ಅಂಗಳಕ್ಕೆ: ಹುಲ್ಲು ಕತ್ತರಿಸೋ ಮೆಷಿನ್ ಕತೆ

ಹೋದ ಸಂಚಿಕೆ ಆದ್ಮೇಲೆ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. ಮನೆ ಮುಂದೆ ಸಣ್ಣದೊಂದು ಲಾನ್ ಇದೆ, ಅದಕ್ಕೆ ಯಾವ ಲಾನ್ ಮೊವರ್ ತಗೋಬೇಕು, ಕೈಯಲ್ಲಿ ತಳ್ಳೋದಾ, ಕರೆಂಟಿನದಾ, ಪೆಟ್ರೋಲಿನದಾ ಅಂತ. ಇತಿಹಾಸದ ಪಾಡ್‌ಕಾಸ್ಟ್‌ನಲ್ಲಿ ಇದನ್ಯಾಕೆ ಕೇಳ್ತಾರಪ್ಪ ಅಂತ ಮೊದಲು ನಗು ಬಂತು. ಆಮೇಲೆ ಓದ್ತಾ ಹೋದೆ. ಈ ಪ್ರಶ್ನೆಯ ಅರ್ಧ ಉತ್ತರ 1830ರ ಇಂಗ್ಲೆಂಡ್‌ನಲ್ಲೇ ಇದೆ. ಆ ಉತ್ತರದ ಜೊತೆಗೆ ಯಾರೂ ಸಾಮಾನ್ಯವಾಗಿ ಹೇಳದ ಇನ್ನೊಂದು ಕತೆಯೂ ಇದೆ.

ಮೆಷಿನ್ ಬರೋಕೆ ಮುಂಚೆ ಇಂಗ್ಲೆಂಡಿನ ಶ್ರೀಮಂತರು ತಮ್ಮ ಬಂಗಲೆ ಮುಂದಿನ ಹುಲ್ಲುಹಾಸನ್ನ ಹೇಗೆ ಇಟ್ಕೊಳ್ತಿದ್ರು? ದೂರದ ಹುಲ್ಲಿಗೆ ಕುರಿ ಬಿಡ್ತಿದ್ರು. ಮನೆ ಹತ್ತಿರದ ಹುಲ್ಲಿಗೆ ಆಳುಗಳು. ಆಳೆತ್ತರದ ಹಿಡಿ, ಅದರ ತುದಿಗೆ ಬಾಗಿದ ಉದ್ದ ಅಲಗು ಇರೋ ದೊಡ್ಡ ಕುಡುಗೋಲು ಹಿಡಿದು, ನಿಂತುಕೊಂಡೇ ಬೀಸ್ತಾ ಹೋಗಬೇಕು. ಕೆಲಸ ಶುರುವಾಗ್ತಿದ್ದದ್ದು ಬೆಳಗಿನ ಜಾವ, ಇಬ್ಬನಿ ಆರೋಕೆ ಮುಂಚೆ. ಒದ್ದೆ ಹುಲ್ಲು ಚೆನ್ನಾಗಿ ಕೊಯ್ಯುತ್ತೆ, ಒಣಗಿದ್ರೆ ಅಲಗಿನ ಕೆಳಗೆ ಬಾಗಿ ತಪ್ಪಿಸಿಕೊಳ್ಳುತ್ತೆ. ಹಿಂದಿನಿಂದ ಪೊರಕೆ ಹಿಡಿದವರು ಗುಡಿಸ್ತಾ ಬರಬೇಕು. ಒಂದು ಕಾಳು ಬೆಳೆಯದ ನೆಲಕ್ಕೆ ಇಷ್ಟೊಂದು ಜನರ ಕೂಲಿ! ಲಾನ್ ಅಂದ್ರೆ ಹಣ ಇದೆ ಅಂತ ತೋರಿಸೋ ವಸ್ತು ಆಗಿದ್ದು ಹೀಗೆ.

ಈಗ ಸ್ಟ್ರೌಡ್ ಅನ್ನೋ ಊರಿಗೆ ಹೋಗೋಣ. ಇಂಗ್ಲೆಂಡಿನ ಪಶ್ಚಿಮಕ್ಕೆ, ಗ್ಲಾಸ್ಟರ್‌ಶೈರ್‌ನಲ್ಲಿದೆ. ಕಣಿವೆ ತುಂಬ ಉಣ್ಣೆ ಬಟ್ಟೆಯ ಗಿರಣಿಗಳು. ಬ್ರಿಟಿಷ್ ಸೈನಿಕರ ಕೆಂಪು ಕೋಟಿನ ಬಟ್ಟೆಗೆ ಹೆಸರಾದ ಊರು. ಉಣ್ಣೆ ಬಟ್ಟೆ ಮಗ್ಗದಿಂದ ಇಳಿದ ಕೂಡಲೇ ನುಣುಪಾಗಿರಲ್ಲ. ಅದರ ಮೇಲಿನ ಎಳೆಗಳನ್ನ ಕೆದರಿ ಎಬ್ಬಿಸಿ, ಎದ್ದು ನಿಂತದ್ದನ್ನ ಒಂದೇ ಸಮ ಕತ್ತರಿಸಬೇಕು. ಈ ಕೆಲಸವನ್ನ ಸುಮಾರು 4 ಅಡಿ ಉದ್ದದ ಭಾರದ ಕತ್ತರಿ ಹಿಡಿದು ಕೈಯಲ್ಲೇ ಮಾಡ್ತಿದ್ರು. ವರ್ಷಗಟ್ಟಲೆ ಕಲಿತವರಿಗೇ ಬರೋ ಕಸುಬು, ಒಳ್ಳೆ ಕೂಲಿ. ಆಮೇಲೆ ಮೆಷಿನ್‌ಗಳು ಬಂದವು. ಪಕ್ಕದ ವಿಲ್ಟ್‌ಶೈರ್‌ನಲ್ಲಿ 1802ರಲ್ಲಿ ಈ ಕತ್ತರಿ ಕಸುಬಿನವರು ಗಿರಣಿಗಳಿಗೆ ಬೆಂಕಿ ಇಟ್ರು. ಥಾಮಸ್ ಹೆಲಿಕರ್ ಅನ್ನೋ ಹುಡುಗ ಕಸುಬು ಕಲೀತಿದ್ದವನು. ಗಿರಣಿ ಸುಟ್ಟ ಆರೋಪದ ಮೇಲೆ ಅವನನ್ನ 1803ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ರು. ಅವತ್ತು ಅವನ 19ನೇ ಹುಟ್ಟುಹಬ್ಬ. ಅವನು ನಿರಪರಾಧಿ ಅಂತಲೇ ಆ ಊರಿನವರ ನಂಬಿಕೆ.

ಮೆಷಿನ್ ನಿಲ್ಲಲಿಲ್ಲ. 1815ರಲ್ಲಿ ಸ್ಟ್ರೌಡ್ ಪಕ್ಕದ ಬ್ರಿಮ್‌ಸ್ಕೂಂಬ್‌ನ ಜಾನ್ ಲೂಯಿಸ್, ಸುತ್ತುವ ಸಿಲಿಂಡರಿನ ಕತ್ತರಿ ಯಂತ್ರಕ್ಕೆ ಪೇಟೆಂಟ್ ತಗೊಂಡ. ಸಿಲಿಂಡರ್ ಸುತ್ತ ತಿರುಚಿದ ಹಾಗೆ ಬ್ಲೇಡ್‌ಗಳು, ಕೆಳಗೊಂದು ಅಲುಗದ ಬ್ಲೇಡ್. ಎರಡರ ಮಧ್ಯೆ ಸಿಕ್ಕ ಎಳೆ ಕತ್ತರಿಗೆ ಸಿಕ್ಕ ಹಾಗೆ ತುಂಡಾಗುತ್ತೆ.

ಇದನ್ನ ನೋಡಿದ ಒಬ್ಬ ಮೆಕ್ಯಾನಿಕ್‌ಗೆ ಹೊಳೆದದ್ದು: ಬಟ್ಟೆ ಮೇಲಿನ ಎಳೆ ಕತ್ತರಿಸೋಕೆ ಆಗುತ್ತೆ ಅಂದ್ರೆ ಹುಲ್ಲು ಯಾಕಾಗಲ್ಲ? ಅವನ ಹೆಸರು ಎಡ್ವಿನ್ ಬಿಯರ್ಡ್ ಬಡ್ಡಿಂಗ್. (ಬಿಯರ್ಡ್ ಅಂದ್ರೆ ಗಡ್ಡ. ಭೂಮಿಗೆ ಶೇವಿಂಗ್ ಮಾಡೋ ಯಂತ್ರ ಕಂಡುಹಿಡಿದವನ ಹೆಸರಲ್ಲೇ ಗಡ್ಡ ಇದೆ ನೋಡಿ.) ಥ್ರಪ್ ಅನ್ನೋ ಹಳ್ಳಿಯಲ್ಲಿ ಫೌಂಡ್ರಿ ಇಟ್ಟಿದ್ದ ಜಾನ್ ಫೆರಬಿ ಹಣ ಹಾಕಿದ. ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿದ್ದು 1830ರ ಮೇನಲ್ಲಿ. ಮೆಷಿನ್ ಪೂರಾ ಕಬ್ಬಿಣದ್ದು, 19 ಇಂಚು ಅಗಲ. ಹಿಂದಿನಿಂದ ಒಬ್ಬ ತಳ್ಳಬೇಕು, ಬೇಕಾದ್ರೆ ಮುಂದಿನಿಂದ ಇನ್ನೊಬ್ಬ ಎಳೀಬಹುದು. ನೆಲದ ಮೇಲೆ ಉರುಳೋ ರೋಲರ್ ಗೇರ್‌ಗಳನ್ನ ತಿರುಗಿಸುತ್ತೆ, ಗೇರ್‌ಗಳು ಬ್ಲೇಡ್‌ಗಳನ್ನ ಜೋರಾಗಿ ತಿರುಗಿಸ್ತವೆ. ಕತ್ತರಿಸಿದ ಹುಲ್ಲು ಮುಂದಿನ ತಟ್ಟೆಗೆ ಹಾರಿ ಬೀಳುತ್ತೆ.

ಇಲ್ಲೊಂದು ದಂತಕತೆ ಇದೆ. ಬಡ್ಡಿಂಗ್ ಇದನ್ನ ರಾತ್ರಿ ಹೊತ್ತು ಪರೀಕ್ಷೆ ಮಾಡ್ತಿದ್ದನಂತೆ. ಅಕ್ಕಪಕ್ಕದವರು ನೋಡಿದ್ರೆ ಹುಚ್ಚ ಅಂತಾರೆ ಅನ್ನೋ ಭಯ ಅಂತೆ. ಎಲ್ಲ ಕಡೆ ಈ ಕತೆಯನ್ನ ತಮಾಷೆಯಾಗೇ ಹೇಳ್ತಾರೆ. ನನಗೆ ಮಾತ್ರ ಒಂದು ತಾರೀಕು ನೋಡಿದ ಮೇಲೆ ನಗು ಬರಲಿಲ್ಲ.

ಬಡ್ಡಿಂಗ್‌ಗೆ ಪೇಟೆಂಟ್ ಸಿಕ್ಕಿದ್ದು 1830ರ ಆಗಸ್ಟ್ 31. ಅದಕ್ಕೆ 3 ದಿನ ಮುಂಚೆ, ಆಗಸ್ಟ್ 28ರ ರಾತ್ರಿ, ದೇಶದ ಇನ್ನೊಂದು ಮೂಲೆಯ ಕೆಂಟ್‌ನಲ್ಲಿ ಕೃಷಿ ಕೂಲಿಗಳು ಒಕ್ಕಣೆ ಮೆಷಿನ್ ಒಂದನ್ನ ಒಡೆದು ಹಾಕಿದ್ರು. ಚಳಿಗಾಲದಲ್ಲಿ ಕೂಲಿಗಳಿಗೆ ಇದ್ದ ದೊಡ್ಡ ಕೆಲಸ ಅಂದ್ರೆ ಕಣದಲ್ಲಿ ತೆನೆ ಬಡಿಯೋದು. ಅದನ್ನ ಮೆಷಿನ್ ಕಿತ್ಕೊಂಡಿತ್ತು. ಆ ರಾತ್ರಿ ಶುರುವಾದದ್ದು ದಕ್ಷಿಣ ಇಂಗ್ಲೆಂಡ್ ಪೂರ್ತಿ ಹಬ್ಬಿತು, ಗ್ಲಾಸ್ಟರ್‌ಶೈರ್‌ಗೂ ಬಂತು. ಸ್ವಿಂಗ್ ದಂಗೆ ಅಂತ ಅದಕ್ಕೆ ಹೆಸರು. 'ಕ್ಯಾಪ್ಟನ್ ಸ್ವಿಂಗ್' ಅನ್ನೋ ಇಲ್ಲದ ನಾಯಕನ ಹೆಸರಲ್ಲಿ ರೈತರಿಗೆ ಬೆದರಿಕೆ ಪತ್ರ ಹೋಗ್ತಿದ್ವು. ಕೊನೆಗೆ 19 ಜನಕ್ಕೆ ಗಲ್ಲು. ನೂರಾರು ಜನರನ್ನ ಹಡಗು ಹತ್ತಿಸಿ ಆಸ್ಟ್ರೇಲಿಯಾಗೆ ಕಳಿಸಿದ್ರು.

ಇಂಥ ವರ್ಷದಲ್ಲಿ, ಕೂಲಿಗಳ ಕೈಯ ಕೆಲಸ ಮಾಡೋ ಹೊಸ ಮೆಷಿನ್ ಇಟ್ಕೊಂಡವನು ರಾತ್ರಿ ಹೊರಗೆ ತಂದಿದ್ರೆ, ಅದಕ್ಕೆ ಕಾರಣ ಬರೀ ನಾಚಿಕೆ ಇರಬೇಕಾ? ಇದು ನನ್ನ ಊಹೆ ಅಷ್ಟೇ, ಸಾಕ್ಷಿ ಇಲ್ಲ. ರಾತ್ರಿ ಪರೀಕ್ಷೆ ನಡೆದದ್ದಕ್ಕೂ ಗಟ್ಟಿ ಸಾಕ್ಷಿ ಇಲ್ಲ.

ಹುಲ್ಲಿನ ಮೆಷಿನ್‌ಗಳನ್ನ ಯಾರೂ ಗುಂಪು ಕಟ್ಟಿ ಒಡೀಲಿಲ್ಲ. ಅದು ಹೊಟ್ಟೆಪಾಡಿನ ಹೊಲಕ್ಕೆ ಬಂದದ್ದಲ್ಲ, ದೊಡ್ಡವರ ಕಾಂಪೌಂಡ್ ಒಳಗೆ ಬಂದದ್ದು. ಚಿಕ್ಕ ಮೆಷಿನ್‌ಗೆ 7 ಗಿನಿ, ಅಂದ್ರೆ 147 ಶಿಲ್ಲಿಂಗ್. ಆಗ ದಕ್ಷಿಣದ ಕೃಷಿ ಕೂಲಿಗೆ ವಾರಕ್ಕೆ ಸಿಗ್ತಿದ್ದದ್ದು ಹೆಚ್ಚೂಕಮ್ಮಿ 10 ಶಿಲ್ಲಿಂಗ್. ಮೂರೂವರೆ ತಿಂಗಳ ದುಡಿಮೆ! ಮೊದಮೊದಲು ಕೊಂಡವರಲ್ಲಿ ಲಂಡನ್ ರೀಜೆಂಟ್ಸ್ ಪಾರ್ಕ್‌ನ ಮೃಗಾಲಯವೂ ಒಂದು. ಕುಡುಗೋಲು, ಪೊರಕೆ ಹಿಡಿದ ಆರರಿಂದ ಎಂಟು ಜನರ ಕೆಲಸವನ್ನ ಇದೊಂದೇ ಮಾಡುತ್ತೆ ಅಂತ ಅಲ್ಲಿನ ಮೇಸ್ತ್ರಿ ಹೊಗಳಿದ್ದ. ಆ ಆರೆಂಟು ಜನ ಆಮೇಲೆ ಏನು ಮಾಡಿದ್ರು ಅಂತ ಯಾರೂ ಬರೆದಿಟ್ಟಿಲ್ಲ. ಬಡ್ಡಿಂಗ್ ಪೇಟೆಂಟ್‌ನಲ್ಲಂತೂ ಇನ್ನೊಂದು ಮಾತಿದೆ: ಹಳ್ಳಿಯ ಸಾಹುಕಾರರು ಇದನ್ನ ತಾವೇ ತಳ್ಳಿದ್ರೆ ಮೋಜೂ ಆಗುತ್ತೆ, ವ್ಯಾಯಾಮವೂ ಆಗುತ್ತೆ ಅಂತ. ಕೂಲಿಯವನ ಬೆವರು ಸಾಹುಕಾರನ ಜಿಮ್ ಆದದ್ದು ಹೀಗೆ.

ಮುಂದಿನದನ್ನ ಬೇಗ ಹೇಳಿಬಿಡ್ತೀನಿ. 1832ರಲ್ಲಿ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪನಿ ಲೈಸೆನ್ಸ್ ತಗೊಂಡು ಮೊವರ್ ತಯಾರಿಸೋಕೆ ಶುರು ಮಾಡಿತು. ದೊಡ್ಡ ಮೊವರ್‌ಗಳಿಗೆ ಕುದುರೆ ಕಟ್ಟಿದ್ರು. ಗೊರಸಿನ ಗುರುತು ಬೀಳಬಾರದು ಅಂತ ಕುದುರೆ ಕಾಲಿಗೆ ಚರ್ಮದ ಬೂಟು! ನಮ್ಮ ದೇಶದಲ್ಲಿ ಆ ಜಾಗಕ್ಕೆ ಎತ್ತು ಬಂದವು. ತಾಜ್ ಮಹಲ್ ಮುಂದೆ ಎತ್ತುಗಳು ಮೊವರ್ ಎಳೆಯೋ ಫೋಟೋಗಳು ಇವತ್ತಿಗೂ ಸಿಗ್ತವೆ. ನುಣ್ಣಗೆ ಕತ್ತರಿಸಿದ ಹುಲ್ಲು ಸುಲಭವಾಗಿ ಸಿಗೋ ಹಾಗಾದ ಮೇಲೆ ಅದರ ಮೇಲೆ ಆಡೋ ಆಟಗಳೂ ಬೆಳೆದವು. 1877ರ ಮೊದಲ ವಿಂಬಲ್ಡನ್ ನಡೆದದ್ದೇ ಕ್ಲಬ್ಬಿನ ಹುಲ್ಲಿನ ಮೇಲೆ ಎಳೆಯೋ ರೋಲರ್ ರಿಪೇರಿಗೆ ದುಡ್ಡು ಹೊಂದಿಸೋಕೆ. ಬಡ್ಡಿಂಗ್ ಅದನ್ನೆಲ್ಲ ನೋಡಲಿಲ್ಲ, 1846ರಲ್ಲೇ ತೀರಿಕೊಂಡ.

ನಿಜವಾದ ಎರಡನೇ ತಿರುವು ಬಂದದ್ದು ಆಸ್ಟ್ರೇಲಿಯಾದಲ್ಲಿ. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಗ್ಯಾರೇಜಿನಲ್ಲಿ ಒಂದು ಮೊವರ್ ಜೋಡಿಸಿದ. ಪೆಟ್ರೋಲ್ ಟ್ಯಾಂಕ್ ಆಗಿ ಅವನು ಹಾಕಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬ. ಇದರಲ್ಲಿ ಕತ್ತರಿ ಇಲ್ಲ. ಎಂಜಿನ್ ಕೆಳಗೆ ಫ್ಯಾನಿನ ಹಾಗೆ ಅಡ್ಡಡ್ಡ ಸುತ್ತೋ ಬ್ಲೇಡು. ಇಂಥ ರೋಟರಿ ಮೊವರ್ ಮುಂಚೆನೂ ಇದ್ವು. ಆದ್ರೆ ಹಗುರವಾಗಿ, ಅಗ್ಗವಾಗಿ ಮಾಡಿ 'ವಿಕ್ಟಾ' ಹೆಸರಲ್ಲಿ ಅಲ್ಲಿನ ಮನೆಮನೆಗೂ ಮುಟ್ಟಿಸಿದವನು ಇವನು. ಯೋಚನೆ ಮಾಡಿದ್ರೆ ಇದು ಹಿಂದಕ್ಕೆ ಹೋದ ಹಾಗೆ. ರೋಟರಿ ಮಾಡೋದು ಹಳೇ ಕುಡುಗೋಲಿನ ಕೆಲಸವನ್ನೇ: ಒಂದೇ ಅಲಗು, ಬೀಸಿನ ಜೋರಿನ ಮೇಲೆ ಹುಲ್ಲು ಹಾರಿಸೋದು. ತೋಳಿನ ಜಾಗದಲ್ಲಿ ಎಂಜಿನ್, ಅಷ್ಟೇ.

ಕೇಳುಗರೇ, ನಿಮ್ಮ ಪ್ರಶ್ನೆಗೆ ಈಗ ಬಂದೆ. ಅಂಗಡಿಯಲ್ಲಿ ನೀವು ನೋಡೋದು ಮುಖ್ಯವಾಗಿ ಎರಡೇ ಜಾತಿ, ಕತ್ತರಿ ಮತ್ತೆ ಕುಡುಗೋಲು. ಮೊದಲು ಅದನ್ನ ಕೇಳಿ, ಕರೆಂಟಾ ಪೆಟ್ರೋಲಾ ಅನ್ನೋದು ಆಮೇಲೆ. ನಿಮ್ಮ ಲಾನ್ ಒಂದೆರಡು ಕೋಣೆಯಷ್ಟು ಇದ್ದು, ಸಮತಟ್ಟಾಗಿದ್ದು, ವಾರಕ್ಕೊಮ್ಮೆ ಕತ್ತರಿಸೋ ಶಿಸ್ತು ನಿಮಗಿದ್ರೆ ಕೈಯಲ್ಲಿ ತಳ್ಳೋ ಸಿಲಿಂಡರ್ ಮೊವರ್ ಸಾಕು. ಗಣಪತಿಗೆ ಏರಿಸ್ತೀವಲ್ಲ ಗರಿಕೆ, ಲಾನ್‌ನವರು ಬರ್ಮುಡಾ ಗ್ರಾಸ್ ಅನ್ನೋದು ಅದನ್ನೇ. ತಗ್ಗಾಗಿ ಕತ್ತರಿಸಿದಷ್ಟೂ ದಟ್ಟವಾಗೋ ಹುಲ್ಲದು, ಅದಕ್ಕೆ ಕತ್ತರಿನೇ ಚೆಂದ. ಆದ್ರೆ ಮಳೆಗಾಲದಲ್ಲಿ ಮೂರು ವಾರ ಬಿಟ್ಟು ಮೊಣಕಾಲಿಗೆ ಬಂದ್ರೆ ಸಿಲಿಂಡರ್ ಅದನ್ನ ಕತ್ತರಿಸಲ್ಲ, ಮಲಗಿಸುತ್ತೆ. ನೆಲ ಏರುಪೇರು ಇದ್ರೆ, ನೀವು ಸೋಮಾರಿಗಳಾದ್ರೆ (ನಾನೂ ಅದೇ ಜಾತಿ), ರೋಟರಿ ತಗೊಳ್ಳಿ. ಯಾವುದೇ ಆದ್ರೂ ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೀಬೇಡಿ.

ರೋಟರಿ ಬ್ಲೇಡ್ ಮೊಂಡಾದ್ರೆ ಹುಲ್ಲನ್ನ ಹರಿಯುತ್ತೆ, ಎರಡೇ ದಿನಕ್ಕೆ ತುದಿ ಕಂದು ಬಣ್ಣಕ್ಕೆ ತಿರುಗುತ್ತೆ. ಬಿಚ್ಚಿ ಸಾಣೆ ಹಿಡಿಸಿ. ಮುಟ್ಟೋಕೆ ಮುಂಚೆ ಪೆಟ್ರೋಲಿನದಾದ್ರೆ ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಕರೆಂಟಿನದಾದ್ರೆ ಪ್ಲಗ್ ತೆಗೀರಿ, ಬ್ಯಾಟರಿಯದಾದ್ರೆ ಬ್ಯಾಟರಿ. ಇದರಲ್ಲಿ ತಮಾಷೆ ಬೇಡ, ಬೆರಳು ಹೋಗುತ್ತೆ. ಸಾಣೆ ಆದ್ಮೇಲೆ ಬ್ಲೇಡಿನ ನಡುವಿನ ತೂತನ್ನ ಗೋಡೆಯ ಮೊಳೆಗೆ ನೇತುಹಾಕಿ. ಯಾವ ಕಡೆ ತೂಗುತ್ತೋ ಆ ಕಡೆ ಇನ್ನಷ್ಟು ಉಜ್ಜಬೇಕು. ಇಲ್ಲಾಂದ್ರೆ ಮೆಷಿನ್ ನಡುಗುತ್ತೆ, ಬೇರಿಂಗ್ ಹಾಳಾಗುತ್ತೆ. ಅಡಿಯಲ್ಲಿ ಅಂಟಿದ ಒದ್ದೆ ಹುಲ್ಲನ್ನ ಅವತ್ತೇ ಕೆರೆದು ತೆಗೀರಿ. ತಿಂಗಳುಗಟ್ಟಲೆ ಬಳಸದೆ ಇಡೋದಾದ್ರೆ ಪೆಟ್ರೋಲ್ ಖಾಲಿ ಮಾಡಿಡಿ.

ಸಿಲಿಂಡರ್ ಮೊವರ್‌ನ ಎಲ್ಲ ಗುಟ್ಟು ಇರೋದು ಸುತ್ತೋ ಬ್ಲೇಡ್ ಮತ್ತೆ ಕೆಳಗಿನ ಅಲುಗದ ಬ್ಲೇಡ್ ನಡುವಿನ ಸಂದಿನಲ್ಲಿ. ಎರಡು ಕಡೆ ಸ್ಕ್ರೂ ಇರುತ್ತೆ. ಅದನ್ನ ಸ್ವಲ್ಪಸ್ವಲ್ಪ ತಿರುಗಿಸ್ತಾ, ನ್ಯೂಸ್ ಪೇಪರಿನ ಒಂದು ಪಟ್ಟಿಯನ್ನ ಮಧ್ಯೆ ಇಟ್ಟು ಸಿಲಿಂಡರನ್ನ ಮೆಲ್ಲಗೆ ಸುತ್ತಿಸಿ. ಬೆರಳು ದೂರ ಇರಲಿ. ಪಟ್ಟಿ ಮಡಚಿಕೊಂಡ್ರೆ ಸಂದು ಜಾಸ್ತಿ. ಸಿಲಿಂಡರ್ ಕಿರ್ರ್ ಅಂತ ಬಿಗಿ ಹಿಡಿದ್ರೆ ಸಂದು ಕಮ್ಮಿ. ಎಡಕ್ಕೆ, ನಡುವಿಗೆ, ಬಲಕ್ಕೆ ಮೂರೂ ಕಡೆ ಕಾಗದ ಗರಗರ ಅಂತ ನೇರವಾಗಿ ತುಂಡಾದ್ರೆ ಮೊವರ್ ರೆಡಿ. ಕೊಳ್ಳೋಕೆ ಮುಂಚೆ ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿಸಿ, ಅವರು ಬೇಡ ಅಂದ್ರೆ ಬೇರೆ ಅಂಗಡಿ ನೋಡಿ.

ಮುಂದಿನ ವಾರ ಸಿಗೋಣ.